ನಾಲ್ಕನೇ ಟೇಪಿನ ಪಂಕ್ತಿ

ತಾನೇ ತೆಗೆದ ವಿಡಿಯೊವನ್ನು ತಾನೇ ನಂಬದ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿರಲಾರಿರಿ. ಅಂಥವನು ಲೋಕದಲ್ಲಿ ಒಬ್ಬನೇ ಇದ್ದಾನೆ. ಆ ಒಬ್ಬನೂ ನನ್ನ ಪಾಲಿಗೇ ಬಂದಿದ್ದಾನೆ! ಆತ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಹೊಳಲ್ಕೆರೆಯಲ್ಲಿದ್ದುಕೊಂಡು ಸುತ್ತಲ ನಾಲ್ಕು ತಾಲ್ಲೂಕಿನ ಮದುವೆಗಳ ವಿಡಿಯೊ ತೆಗೆದವನು. ಹೆಸರು ಹೇಳುವುದಿಲ್ಲ. ಹೇಳಿದರೆ, ಈ ಬರಹದಿಂದ ನಾನು ಏನೇನನ್ನು ಕತ್ತರಿಸಿ ಎಸೆದಿದ್ದೇನೆಂದು ವಿಚಾರಿಸಲು ಮುಂದಿನ ಬಸ್ಸಿಗೇ ಬಂದುಬಿಡುತ್ತಾನೆ.

ನಾನೂ ಸುಲಭಕ್ಕೆ ನಂಬುವವನಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಚಿತ್ರದುರ್ಗದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತ, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಓದಿದವನು ನಾನು. ಇನ್ನೊಬ್ಬರು ಓದಿ ಹೇಳಿದ್ದನ್ನು ನಾನೇ ಓದುವ ತನಕ ಒಪ್ಪಿದವನಲ್ಲ. ಕೋಟೆಯಲ್ಲಿ ಪ್ರವಾಸಿಗರಿಗೆ ಕಥೆ ಹೇಳುವ ಗೈಡ್ ಒಬ್ಬ, ಬೆಳಗಿನ ನಡಿಗೆಗೆ ನಾನು ಬರುವುದನ್ನು ಕಂಡರೆ ಸಾಕು, ತನ್ನ ತಂಡವನ್ನು ಬೇರೆ ಮೆಟ್ಟಿಲಿನಿಂದ ಹತ್ತಿಸುತ್ತಾನೆ! ಇಂಥ ನಾನೇ ನಂಬಿದ ಸಂಗತಿಯೊಂದನ್ನು ಈ ಷಡ್ಡಕ ನಂಬಲಿಲ್ಲವೆಂದರೆ ಅವನ ಹಠ ಎಂಥದಿರಬೇಕು, ನೀವೇ ಯೋಚಿಸಿ.

ಆ ಸಂಗತಿ ಇದು. ಇಪ್ಪತ್ತು ವರ್ಷಗಳ ಹಿಂದೆ ಹಿರಿಯೂರಿನ ಕಲ್ಯಾಣ ಮಂಟಪವೊಂದರಲ್ಲಿ ನನ್ನ ಮಗಳ ಮದುವೆ ನಡೆಯಿತು. ಜವನಗೊಂಡನಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಅಣ್ಣ ಆ ಮದುವೆಯಲ್ಲಿ ಉಣ್ಣದೆ ಎದ್ದು ಹೋದ. ಏಕೆ? ಬೀಗರಿಗೆ ಮೊದಲು ಪೇಟ ಸುತ್ತಿ ತನಗೆ ಆಮೇಲೆ ಸುತ್ತಿದರೆಂಬ ಸಿಟ್ಟಿನಿಂದ. ಹೀಗೆಂದು ನಂಟರೆಲ್ಲರೂ ಹೇಳಿದರು. ಅವರು ಹೇಳಿದ್ದನ್ನು ನಾನು ನಂಬಲಿಲ್ಲ. ನಂಬುವ ಜಾತಿ ನನ್ನದಲ್ಲ. ಆದರೆ ಎರಡು ತಿಂಗಳಿಗೆ ಮದುವೆಯ ಡಿವಿಡಿ ಬಂತು. ಗುಲಾಬಿ ದಳಗಳು ಉದುರಿದವು, ಸೇಬಿನ ಹಣ್ಣೊಳಗಿಂದ ನನ್ನ ಮಗಳೂ ಅಳಿಯನೂ ಇಣುಕಿದರು, ಆಮೇಲೆ ಊಟದ ಪಂಕ್ತಿ. ಅಲ್ಲಿ, ಬಡಿಸಿದ್ದು ಬಡಿಸಿದಂತೆಯೇ ಇದ್ದ ಎಲೆಯ ಮುಂದಿನಿಂದ ನನ್ನ ಅಣ್ಣ ಮುಖ ಗಂಟಿಕ್ಕಿಕೊಂಡು ಏಳುತ್ತಿದ್ದಾನೆ! ಹಿನ್ನೆಲೆಗೆ ಯಾವುದೋ ಸಿನಿಮಾದ ರೋಷದ ಹಾಡು! ಕಣ್ಣಾರೆ ಕಂಡದ್ದನ್ನೂ ನಂಬದಿರಲು ನನಗೇನು ಹುಚ್ಚೆ? ನನ್ನ ಮನೆಯ ಅನ್ನವನ್ನು ಅವಮಾನಿಸಿದವನ ಹೊಸ್ತಿಲು ತುಳಿಯುವುದಿಲ್ಲವೆಂದು ಹೇಳಿಕಳಿಸಿದೆ. “ನೋಡಿದ್ದನ್ನೇ ನಂಬ್ಕಂಡಿರ್ಲಿ ಬಿಡು” ಎಂದು ಅವನೂ ಹೇಳಿಕಳಿಸಿದ. ನಮ್ಮಿಬ್ಬರ ಮಾತುಕತೆ ಅಲ್ಲಿಗೆ ಮುಗಿಯಿತು.

ಷಡ್ಡಕನೊಬ್ಬ ಮಾತ್ರ ಬಿಡಲಿಲ್ಲ.

“ಅಣ್ಣಾರೆ, ಆ ಡಿವಿಡಿ ಸುಳ್ಳು ಹೇಳ್ತೈತ್ರಿ” ಎಂದ.

“ತೆಗೆದೋನು ನೀನೇ ಅಲ್ಲೇನಪ್ಪ?”

“ತೆಗೆದೋನು ನಾನು. ಕತ್ರಿಸಿದೋನು ದಾವಣಗೆರೆ ಮಿಕ್ಸಿಂಗ್ ಲ್ಯಾಬಿನೋನು. ಐದು ತಾಸಿನ ಮದ್ವೆನ ಒಂದೂವರೆ ತಾಸಿಗೆ ತಂದವ್ನೆ. ಮಿಕ್ಕಿದ ಮೂರೂವರೆ ತಾಸಿನಾಗೆ ಏನೈತೆ, ನಿಮಗೆ ಗೊತ್ತೇನು?”

“ನಿನಗೆ ಗೊತ್ತೇನು?”

“ನಂಗೂ ಗೊತ್ತಿಲ್ಲ. ಆದ್ರೆ ನಿಮ್ಮಣ್ಣಾರು ಎಲೆ ಮುಂದೆ ಬಾಳ ಹೊತ್ತು ಕುಂತಿದ್ರು, ಅದು ನಂಗೆ ನೆನಪೈತೆ. ಸಿಟ್ಟು ಬಂದೋನು ಅಷ್ಟೊತ್ತು ಕುಂತ್ಕಂತಾನೇನ್ರಿ? ಬರ್ರಿ, ಟೇಪ್ ಹಾಕಿ ನೋಡಾಣ.”

ಕಂಡದ್ದನ್ನು ಮತ್ತೊಮ್ಮೆ ಕಾಣಲು ನಾನು ಬರುವುದಿಲ್ಲವೆಂದೆ. ಅವನಾದರೂ ಒಬ್ಬನೇ ನೋಡಿ ತಿಳಿದುಕೊಳ್ಳಬಹುದಿತ್ತಲ್ಲ? ಇಲ್ಲ! ಸಂಬಂಧಪಟ್ಟವರು ಎದುರಿಗಿಲ್ಲದೆ ಸಾಕ್ಷಿಯನ್ನು ಬಿಚ್ಚಬಾರದಂತೆ. ಬಿಚ್ಚಿದರೆ ನಾಳೆ ನೀನೇ ತಿದ್ದಿರಬೇಕು ಎನ್ನುತ್ತಾರಂತೆ. ಹೀಗೆ ಒಬ್ಬ ನೋಡಲಾರೆನೆಂದೂ ಇನ್ನೊಬ್ಬ ತಾನೊಬ್ಬನೇ ನೋಡಲಾರೆನೆಂದೂ ಹಠ ಹಿಡಿದು ಇಪ್ಪತ್ತು ವರ್ಷ ಕಳೆದೆವು. ಇದರಲ್ಲಿ ಹೆಚ್ಚು ಹುಚ್ಚ ಯಾರೆಂದು ನಮ್ಮ ಹೆಂಡಂದಿರು ಈಗಲೂ ಚರ್ಚಿಸುತ್ತಾರೆ.

ಹೋದ ತಿಂಗಳು ಅಂಚೆಯಲ್ಲಿ ಒಂದು ಲಗ್ನಪತ್ರಿಕೆ ಬಂತು. ಅಣ್ಣನ ಮೊಮ್ಮಗನ ಮದುವೆ. ಮನೆಗೆ ಬಂದು ಕರೆಯಲಿಲ್ಲ, ಅಂಚೆಗೆ ಹಾಕಿದ್ದಾನೆ! ಅದೂ ಹೋಗಲಿ ಎಂದರೆ, ‘ಸುಖಾಗಮನ ಬಯಸುವವರು’ ಎಂಬ ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ನನ್ನ ಹೆಸರು! ನನ್ನ ಹೆಸರನ್ನು ಅಚ್ಚು ಹಾಕಿಸಲು ಅವನಿಗೆ ಅಪ್ಪಣೆ ಕೊಟ್ಟವರು ಯಾರು? ಪತ್ರಿಕೆಯನ್ನು ಹಿಡಿದು ಹೊಳಲ್ಕೆರೆಗೆ ಹೋಗಿ ಷಡ್ಡಕನ ಮುಂದೆ ಕೂಗಾಡಿದೆ.

ಅವನು ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಹೋಗೋದು ಬಿಡೋದು ನಿಮ್ಮಿಷ್ಟ. ಟೇಪ್ ನೋಡಿ ತೀರ್ಮಾನ ಮಾಡ್ರಿ. ಅವ್ರು ಸಿಟ್ನಾಗೆ ಎದ್ದಿದ್ರೆ ನಾನೂ ಆ ಮದ್ವೆಗೆ ಹೋಗಲ್ಲ” ಎಂದ.

ಒಪ್ಪಿದೆ. ಸತ್ಯ ತಿಳಿಯಲೆಂದಲ್ಲ, ಇವನ ಬಾಯಿ ಮುಚ್ಚಿಸಲೆಂದು.

ಟೇಪುಗಳಿದ್ದದ್ದು ದೊಡ್ಡದೊಂದು ಕಬ್ಬಿಣದ ಟ್ರಂಕಿನಲ್ಲಿ, ಬೇವಿನ ಸೊಪ್ಪಿನ ನಡುವೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕ್ಯಾಸೆಟ್ಟುಗಳು, ಒಂದೊಂದರಲ್ಲೂ ಒಂದು ತಾಸಿನ ಮದುವೆ. ಅವುಗಳ ಮೇಲೆ ವಧೂವರರ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಗಂಡ ಹೆಂಡತಿ ನಾಳೆ ಬೇರೆಯಾಗಬಹುದು, ಅಂದಿನ ಅಡುಗೆ ಮಾತ್ರ ಎಂದಿಗೂ ಬದಲಾಗದು ಎಂಬುದು ಅವನ ಸಿದ್ಧಾಂತ. ಆದ್ದರಿಂದ ಎಲ್ಲ ಟೇಪುಗಳಿಗೂ ಊಟದ ಹೆಸರು! ‘ಹೋಳಿಗೆ, ಮೈಕ್ ಕೆಟ್ಟಿದ್ದು’, ‘ಜಿಲೇಬಿ, ಕರೆಂಟ್ ಹೋಗಿದ್ದು’ ಎಂದೆಲ್ಲ ದಾಟಿ ಬರುತ್ತ ಕೊನೆಗೆ ನಮ್ಮದು ಸಿಕ್ಕಿತು: ‘ಚಿರೋಟಿ, ಹಿರಿಯೂರು, ಸಾರು ಖಾರ’. ಒಂದರಿಂದ ಐದು.

ನನಗೆ ರೇಗಿತು. “ನನ್ನ ಮಗಳ ಮದ್ವೆ ಸಾರು ಖಾರ ಆಗಿತ್ತೇನಯ್ಯ?”

“ಆಗಿತ್ತು ಅಣ್ಣಾರೆ. ಅದೂ ಟೇಪಿನಾಗೈತೆ. ಹೆಣ್ಣು ಕಳಿಸೋವಾಗ ಅತ್ತೋರಿಗಿಂತ ಉಂಬೋವಾಗ ಅತ್ತೋರೇ ಜಾಸ್ತಿ!”

ಒಳಗಿನಿಂದ ನಾದಿನಿಯ ದನಿ ಕೇಳಿಸಿತು: “ಭಾವ, ಹೋಗೋವಾಗ ಆ ಟ್ರಂಕ್ ತಗಂಡು ಹೋಗ್ರಿ. ಜಾಗ ಇದ್ರೆ ಅದ್ರೊಳಗೆ ಇವ್ರನ್ನೂ ಹಾಕ್ಕಂಡು ಹೋಗ್ರಿ!”

ಇನ್ನು ಈ ಟೇಪಿನಲ್ಲಿರುವುದನ್ನು ಕಂಪ್ಯೂಟರಿನ ಎಡಿಟಿಂಗ್ ಸಾಫ್ಟ್‌ವೇರಿಗೆ ತುಂಬಬೇಕು. ಕ್ಯಾಮೆರಾದ ಪುಟ್ಟ ಪರದೆ ಎಂದೋ ಕುರುಡಾಗಿತ್ತು, ಬೇರೆ ದಾರಿ ಇರಲಿಲ್ಲ. ಟೇಪು ಕ್ಯಾಮೆರಾದಲ್ಲಿ ಓಡಬೇಕು, ಅದು ಓಡಿದಷ್ಟು ಹೊತ್ತೂ ಒಂದು ವಿಶೇಷ ತಂತಿಯ ಮೂಲಕ ಕಂಪ್ಯೂಟರು ಅದನ್ನು ಹೀರಿಕೊಳ್ಳಬೇಕು. ಆ ತಂತಿಗೆ ಫೈರ್‌ವೈರ್ ಎಂದು ಹೆಸರು. ಅದನ್ನು ಚುಚ್ಚುವ ತೂತು ಈಗಿನ ಕಂಪ್ಯೂಟರುಗಳಲ್ಲಿ ಇಲ್ಲ. ಕ್ಯಾಮೆರಾವನ್ನು ಹೊತ್ತು ಚಿತ್ರದುರ್ಗದ ಅಂಗಡಿಯೊಂದಕ್ಕೆ ಹೋದೆವು. ಮಾಲೀಕರು ಅದನ್ನು ಮುಟ್ಟದೆಯೇ ನಕ್ಕರು.

“ಯಜಮಾನ್ರೆ, ಇದ್ರಾಗೆ ಏನೂ ಉಳಿದಿರಲ್ಲ. ಈ ಟೇಪೆಲ್ಲ ಇಷ್ಟೊತ್ತಿಗೆ ಸತ್ತಿರ್ತಾವೆ.”

“ಸತ್ತಿದ್ದನ್ನ ನೀವು ನೋಡಿದ್ರೇನು?” ಎಂದೆ.

“ನಾನು ನೋಡಿಲ್ಲ. ಎಲ್ರೂ ಹೇಳ್ತಾರೆ.”

“ಎಲ್ರೂ ಅಂದ್ರೆ ಯಾರ್ಯಾರು? ಒಂದು ಕಡೆಯಿಂದ ಹೆಸರು ಹೇಳ್ರಿ, ಬರ್ಕಂತೀನಿ.”

ನಾನು ಜೇಬಿನಿಂದ ಪೆನ್ನು ತೆಗೆದೆ. ಮಾಲೀಕರು ಒಳಗೆ ಹೋದವರು ಹೊರಗೆ ಬರಲಿಲ್ಲ. ಮೆಟ್ಟಿಲಿಳಿಯುತ್ತ ಷಡ್ಡಕ ನನ್ನನ್ನು ಬಹಳ ಗೌರವದಿಂದ ನೋಡಿದ. “ಅಣ್ಣಾರೆ, ಟೇಪಿನ ಮೇಲೆ ನಿಮಗೆ ಇಷ್ಟು ಅಭಿಮಾನ ಐತೆ ಅಂತ ಗೊತ್ತಿರ್ಲಿಲ್ಲ.” ನನಗಿದ್ದದ್ದು ಟೇಪಿನ ಮೇಲಿನ ಅಭಿಮಾನವಲ್ಲ, ‘ಎಲ್ಲರೂ ಹೇಳ್ತಾರೆ’ ಎಂಬ ಮಾತಿನ ಮೇಲಿನ ಸಿಟ್ಟು ಎಂದು ಅವನಿಗೆ ತಿಳಿಸಿ ಹೇಳಿದೆ. ‘ಹಾಗಾದರೆ ನಿಮ್ಮ ಅಣ್ಣನ ವಿಷಯದಲ್ಲಿ ಎಲ್ಲರೂ ಹೇಳಿದ್ದು…’ ಎಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಬಂದದ್ದರಿಂದ ನಾನು ಉತ್ತರಿಸಬೇಕಾಗಲಿಲ್ಲ.

ಕೊನೆಗೆ ದಾರಿ ತೆರೆದದ್ದು ಹೊಸದುರ್ಗದಲ್ಲಿ. ಅಲ್ಲಿ ಹಿಂದೆ ಸ್ಟುಡಿಯೊ ಇಟ್ಟುಕೊಂಡಿದ್ದ ಸಾಹೇಬರೊಬ್ಬರು ಈಗ ಹಾಸಿಗೆ ದಿಂಬಿನ ವ್ಯಾಪಾರ ಮಾಡುತ್ತಾರೆ. ಅವರ ಹಳೆಯ ಕಂಪ್ಯೂಟರು ಹತ್ತಿಯ ಮೂಟೆಗಳ ನಡುವೆ, ರಜಾಯಿ ಹೊದ್ದುಕೊಂಡು ಮಲಗಿತ್ತು. ಬೇಕಾದ ತೂತು ಇತ್ತು, ಸಾಫ್ಟ್‌ವೇರೂ ಇತ್ತು.

“ತಗಂಡು ಹೋಗ್ರಿ ಭಾಯಿ, ಕೆಲ್ಸ ಆದ್ಮೇಲೆ ತಂದು ಕೊಡ್ರಿ” ಎಂದರು ಸಾಹೇಬರು. “ಒಂದೇ ಮಾತು. ಇದಕ್ಕೆ ಇಂಟರ್ನೆಟ್ ತೋರಿಸ್ಬ್ಯಾಡ್ರಿ. ತೋರಿಸಿದ್ರೆ ಅಪ್‌ಡೇಟ್ ಆಗ್ತೀನಿ ಅಂತೈತೆ. ಆತು ಅಂದ್ರೆ ಮತ್ತೆ ಏಳಂಗಿಲ್ಲ!”

ಹೊಸದುರ್ಗದಿಂದ ಹೊಳಲ್ಕೆರೆಯವರೆಗೆ ಷಡ್ಡಕ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಪಕ್ಕದವರು ಫೋನು ತೆಗೆದಾಗಲೆಲ್ಲ ಇಂಟರ್ನೆಟ್ ತಗುಲೀತೆಂದು ರಜಾಯಿಯನ್ನು ಅದರ ಮೇಲೆ ಎಳೆಯುತ್ತಿದ್ದ!

ಕ್ಯಾಮೆರಾದೊಳಗೆ ಟೇಪು ಓದುವ ಹೆಡ್ಡನ್ನು ನಾನೇ ಸ್ಪಿರಿಟ್ಟಿನಿಂದ ಒರೆಸಿದೆ. ಹೊಲಿಗೆ ಯಂತ್ರದ ಸಣ್ಣ ಸಣ್ಣ ತಿರುಪುಗಳಲ್ಲಿ ಪಳಗಿದ ಕೈ, ಅದಕ್ಕೆಲ್ಲ ಹೆದರುವುದಲ್ಲ. ತಂತಿ ಚುಚ್ಚಿ, ಕ್ಯಾಮೆರಾವನ್ನು ಹಳೆಯ ಪುಸ್ತಕಗಳ ಮೇಲೆ ಕೂರಿಸಿ, ಸಾಫ್ಟ್‌ವೇರಿನಲ್ಲಿ ‘ಕ್ಯಾಪ್ಚರ್’ ಎಂಬ ಗುಂಡಿ ಒತ್ತಿದೆವು. ಪರದೆ ಮಿನುಗಿತು. ಚಿತ್ರ ಬಂತು! ಸತ್ತಿದೆ ಎಂದವರ ಮುಖಕ್ಕೆ ಹೊಡೆದಂತೆ, ಎಂಥ ಸ್ವಚ್ಛವಾದ ಚಿತ್ರ! ಇಬ್ಬರು ವೃದ್ಧರು ಗೋಡೆಗೆ ಒರಗಿ ಕುಳಿತು ನಮ್ಮನ್ನೇ ನೋಡುತ್ತಿದ್ದಾರೆ.

“ಯಾರಪ್ಪ ಈ ಮುದುಕರು? ಬೀಗರ ಕಡೆಯೋರಾ?” ಎಂದೆ.

“ಇರ್ಬೇಕು. ಬಲಗಡೆಯೋರು ಬಾಳ ಗಂಟು ಮುಖದೋರು ನೋಡ್ರಿ” ಎಂದ ಷಡ್ಡಕ.

ಹತ್ತು ನಿಮಿಷ ನೋಡಿದೆವು. ಅವರು ಅಲುಗಲಿಲ್ಲ. ಮದುವೆಗೆ ಬಂದು ಹೀಗೂ ಕೂರುತ್ತಾರೆಯೇ? ನಾದಿನಿ ಚಹ ತಂದಳು. ಪರದೆಯ ಮೇಲಿನ ಮುದುಕರಿಗೂ ಒಬ್ಬ ಹೆಂಗಸು ಚಹ ತಂದಳು! ನಾದಿನಿ ತಟ್ಟೆಯನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದಳು. ಕ್ಯಾಮೆರಾವನ್ನು ಟೇಪು ಓಡಿಸುವ ಸ್ಥಾನಕ್ಕೆ ತಿರುಗಿಸುವುದನ್ನು ಮರೆತಿದ್ದೆವು. ಅದು ಎದುರಿಗಿದ್ದ ನಮ್ಮಿಬ್ಬರನ್ನೇ ಕಂಪ್ಯೂಟರಿಗೆ ತುಂಬುತ್ತಿತ್ತು. ಆ ಗಂಟು ಮುಖದವನು ನಾನು. ಆಗ ಕೈತಪ್ಪಿ ಕ್ಯಾಮೆರಾದ ಕೆಂಪು ಗುಂಡಿಯೇನಾದರೂ ಒತ್ತಿದ್ದರೆ ನನ್ನ ಮಗಳ ಮದುವೆ ಅಳಿಸಿಹೋಗಿ, ಅದರ ಮೇಲೆ ನಾವಿಬ್ಬರೂ ಶಾಶ್ವತವಾಗಿ ಕುಳಿತುಬಿಡುತ್ತಿದ್ದೆವು!

ತಪ್ಪು ತಿದ್ದಿಕೊಂಡ ಮೇಲೆ ನಾನು ನಾಲ್ಕನೇ ಟೇಪಿಗೆ ಕೈ ಹಾಕಿದೆ. ಊಟವಿದ್ದದ್ದು ಅದರಲ್ಲಿ. ಷಡ್ಡಕ ನನ್ನ ಕೈ ಹಿಡಿದ.

“ಒಂದನೇದು ಹಾಕ್ರಿ.”

“ನಮಗೆ ಬೇಕಾಗಿರೋದು ಊಟ ತಾನೆ?”

“ಮದ್ವೆ ಆಗ್ದೆ ಊಟಕ್ಕೆ ಕುಂತ್ಕಂತಾರೇನ್ರಿ? ಯಾವ ಊರ ಪದ್ಧತಿ ಅದು?”

ಇದಕ್ಕೆ ಏನು ಹೇಳುವಿರಿ? ಮುಂದೆ ಓಡಿಸುವುದೂ ಸಲ್ಲದು, ಅರ್ಧಕ್ಕೆ ನಿಲ್ಲಿಸುವುದೂ ಸಲ್ಲದು. ಓಡಿಸಿದ್ದರಿಂದಲೇ ದಾವಣಗೆರೆಯವನು ಕೆಟ್ಟದ್ದಂತೆ. ಹೀಗೆ ಎರಡು ದಿನ ನಾನು ನನ್ನ ಮಗಳ ಮದುವೆಯನ್ನು ಮತ್ತೊಮ್ಮೆ ಮಾಡಿಸಿದೆ. ಅಕ್ಕಿಕಾಳು ಹಾಕುವ ಹೊತ್ತಿಗೆ ಷಡ್ಡಕ ಎದ್ದು ನಿಂತ, ನನ್ನನ್ನೂ ಎಬ್ಬಿಸಿದ, ನಾದಿನಿಯಿಂದ ಹಿಡಿ ಅಕ್ಕಿ ತರಿಸಿ ಕಂಪ್ಯೂಟರಿನ ಪರದೆಯ ಮೇಲೆ ಎರಚಿದ! ಕೀಲಿಮಣೆಯ ಸಂದಿನಲ್ಲಿ ಸಿಕ್ಕ ಅಕ್ಕಿಯನ್ನು ಸೂಜಿಯಿಂದ ಹೆಕ್ಕಿ ತೆಗೆಯುವ ಕೆಲಸ ಹೆಣ್ಣಿನ ತಂದೆಯಾದ ನನಗೆ ಬಂತು.

ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳಬೇಕು. ಡಿವಿಡಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡುಗಳನ್ನೇ ತುಂಬಿದ್ದರು. ಮದುವೆಯ ನಿಜವಾದ ಸದ್ದನ್ನು ನಮ್ಮಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಟೇಪಿನಲ್ಲಿ ಅದೆಲ್ಲವೂ ಇತ್ತು. ಐನೋರು ಮಂತ್ರದ ನಡುವೆ ಕೆಮ್ಮಿದ್ದು, ನನ್ನ ಮಗಳು ಗೆಳತಿಯ ಕಿವಿಯಲ್ಲಿ ಹಸಿವು ಎಂದದ್ದು, ಯಾರದೋ ಚಪ್ಪಲಿ ಕಾಣೆಯಾದದ್ದು. ನಾನು ಆ ದಿನ ಇಷ್ಟು ಜೋರಾಗಿ ಮಾತಾಡುತ್ತಿದ್ದೆನೆಂದು ನನಗೇ ತಿಳಿದಿರಲಿಲ್ಲ.

ನಾಲ್ಕನೇ ಟೇಪು ಬಂತು. ಆ ಹೊತ್ತಿಗೆ ಷಡ್ಡಕನಿಗೂ ಹಸಿವಾಗಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಪಂಕ್ತಿಯ ಕಡೆಗೆ ತಿರುಗಿಸಿಟ್ಟು, ಹಾಗೇ ಓಡಲು ಬಿಟ್ಟು ತಾನೂ ಉಣ್ಣಲು ಕುಳಿತಿದ್ದನಂತೆ. ವಿಡಿಯೊದ ದೀಪ ಬಿದ್ದೊಡನೆ ನಮ್ಮವರು ಎಂದಿನಂತೆ ಮುಖ ತಗ್ಗಿಸಿದರು. ಒಬ್ಬರು ಟವಲ್ಲಿನ ಮರೆಯಲ್ಲೇ ಉಪ್ಪಿನಕಾಯಿ ನೆಕ್ಕಿದರು. ಸಾಲಿನ ಈ ತುದಿಯಲ್ಲಿ, ಕ್ಯಾಮೆರಾಕ್ಕೆ ತೀರ ಹತ್ತಿರ, ಪೇಟ ಕೂಡ ತೆಗೆಯದೆ ನನ್ನ ಅಣ್ಣ ಕುಳಿತಿದ್ದ. ಅವನು ಮುಖ ಮುಚ್ಚಿಕೊಂಡಿರಲಿಲ್ಲ. ಅವನ ಪಕ್ಕದ ಎಲೆ ಖಾಲಿ. ಅದರ ಅಂಚಿನ ಮೇಲೆ ತನ್ನ ಎಡಗೈ ಇಟ್ಟುಕೊಂಡಿದ್ದ.

ಡಿವಿಡಿಯಲ್ಲಿ ಈ ಎಲೆ ಇರಲಿಲ್ಲ. ದಾವಣಗೆರೆಯವನು ಅಣ್ಣನನ್ನಷ್ಟೇ ದೊಡ್ಡದು ಮಾಡಿ ತೋರಿಸಿ, ಇದನ್ನು ಚಿತ್ರದ ಅಂಚಿನಾಚೆ ಬಿಟ್ಟಿದ್ದ.

ಹಿರಿಯರೊಬ್ಬರು ಬಂದು, “ಇಲ್ಲಿ ಕುಂತ್ಕಳ್ಳೇನಪ್ಪ?” ಎಂದರು.

“ಇಲ್ರಿ, ಇದು ನಮ್ ತಮ್ಮಂದು. ಬರ್ತಾನೆ” ಎಂದ ಅಣ್ಣ. ಆಮೇಲೆ ಕತ್ತೆತ್ತಿ ಕೂಗಿದ: “ಏ ತಮ್ಮ, ಬಾರೋ, ಬೆಳಗಿಂದ ನೀರೂ ಕುಡ್ದಿಲ್ಲ ನೀನು. ಕುಂತ್ಕ ಬಾ.”

ಆಗ ಚಿತ್ರದಿಂದ ಆಚೆ, ಕ್ಯಾಮೆರಾದ ಹಿಂದೆಲ್ಲೋ, ಒಬ್ಬನ ಜೋರು ದನಿ ಕೇಳಿಸಿತು: “ಬಂದೆ ಅಣ್ಣ, ಒಂದೇ ನಿಮಿಷ. ಬಂದೇ ಬಂದೆ!”

ಆ ದನಿ ನನ್ನದು.

‘ಹರಹರ ಮಹಾದೇವ’ ಎಂದರು. ಸಾಲಿಗೆ ಸಾಲೇ ಉಣ್ಣತೊಡಗಿತು. ಬಡಿಸುವವನು ಚಿರೋಟಿ ತಂದ. “ಅವನಿಗೂ ಹಾಕು” ಎಂದ ಅಣ್ಣ. ಸಾರು ಬಂತು, ಪಲ್ಯ ಬಂತು, ಎರಡೂ ಎಲೆಗಳು ಒಂದೇ ಸಮ ತುಂಬಿದವು. ಅವನು ಮುಟ್ಟಲಿಲ್ಲ. ಹೆಗಲ ಟವಲ್ಲಿನಿಂದ ನೊಣ ಓಡಿಸುತ್ತಿದ್ದ, ತನ್ನ ಎಲೆಯ ಮೇಲಿನದನ್ನಲ್ಲ, ನನ್ನ ಎಲೆಯ ಮೇಲಿನದನ್ನು. ನಡುವೆ ಚಿತ್ರ ಒಡೆದು ಚೌಕ ಚೌಕವಾಯಿತು, ಮತ್ತೆ ಕೂಡಿಕೊಂಡಿತು. ಅವನು ಹಾಗೆಯೇ ಕುಳಿತಿದ್ದ. ಮಜ್ಜಿಗೆ ಮುಗಿಯಿತು. ಪಂಕ್ತಿ ಎದ್ದಿತು. ಎಲೆ ಎತ್ತುವವರು ಅತ್ತ ತುದಿಯಿಂದ ಬರತೊಡಗಿದರು. ಅಣ್ಣ ಒಮ್ಮೆ ಬಾಗಿಲ ಕಡೆ ನೋಡಿ, ಮೊಣಕಾಲಿಗೆ ಕೈಕೊಟ್ಟು ಎದ್ದ. ಮುಖ ಗಂಟಿಕ್ಕಿದ್ದು ಆಗ. ಮೊಣಕಾಲು ನೋವಿನ ಮನುಷ್ಯ ಏಳುವಾಗ ಗಂಟಿಕ್ಕುವ ಮುಖ ಅದು. ದಾವಣಗೆರೆಯವನು ಹಾಡು ಹಾಕಿದ್ದು ಅದಕ್ಕೆ.

ಆ ಒಂದು ನಿಮಿಷ ನಾನು ಎಲ್ಲಿಗೆ ಹೋದೆ? ಬೀಗರ ವ್ಯಾನಿಗೋ, ಅಡುಗೆಯವರ ಬಳಿಗೋ, ಇನ್ನಾವ ಘನಕಾರ್ಯಕ್ಕೋ? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಈಗಲೂ ಆಗಿಲ್ಲ.

ಷಡ್ಡಕ ಈಗ ಗೆದ್ದೆನೆಂದು ಕುಣಿಯುತ್ತಾನೆಂದು ಕಾದೆ. ಇಪ್ಪತ್ತು ವರ್ಷ ಕಾದಿಟ್ಟ ಗೆಲುವಲ್ಲವೇ? ಅವನು ಟೇಪು ಪೂರ್ತಿ ಮುಗಿದ ಮೇಲೆ ಅದನ್ನು ಹೊರತೆಗೆದು ಟ್ರಂಕಿನ ಬೇವಿನ ಸೊಪ್ಪಿನೊಳಗೆ ಇಡತೊಡಗಿದ. ನಾನೇ ಮಾತು ತೆಗೆದೆ.

“ಅಷ್ಟು ಭಾಗ ಕತ್ತರಿಸಿ ಫೋನಿಗೆ ಹಾಕ್ಕೊಡಪ್ಪ. ಅಣ್ಣಗೆ ತೋರಿಸ್ತೀನಿ.”

“ಅವ್ರಿಗ್ಯಾಕ್ರಿ ತೋರಿಸ್ತೀರಿ?” ಎಂದ ಷಡ್ಡಕ, ನನ್ನ ಕಡೆ ತಿರುಗದೆ, ತೀರ ಮೆಲ್ಲಗೆ. “ಅವ್ರಿಗೆ ಗೊತ್ತೈತಲ್ಲ ಅಣ್ಣಾರೆ. ಗೊತ್ತಿಲ್ದೆ ಇದ್ದೋರು ನೀವೊಬ್ರೇ. ಏಳ್ರಿ, ಹೋಗಾಣ.”

ಬರಿಗೈಯಲ್ಲೇ ಹೋದೆವು. ಕ್ಯಾಮೆರಾ ಇಲ್ಲ, ಫೋನಿನಲ್ಲಿ ಸಾಕ್ಷಿಯಿಲ್ಲ. ಜವನಗೊಂಡನಹಳ್ಳಿಯಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಇಳಿದಿತ್ತು. ಅಣ್ಣ ಮನೆಯ ಮುಂದಿನ ಜಗಲಿಯಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದ. ಎಷ್ಟು ಸಣ್ಣವನಾಗಿಬಿಟ್ಟಿದ್ದ! ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ನನ್ನನ್ನು ಬಹಳ ಹೊತ್ತು ನೋಡಿದ. 

“ಊಟ ಆತೇನೋ?” ಎಂದ ಅಣ್ಣ.

ನಾದಿನಿಯ ಮನೆಯಲ್ಲಿ ಎರಡು ಮುದ್ದೆ ಉಂಡು, ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಮೇಲಿಷ್ಟು ಬಾಳೆಹಣ್ಣನ್ನೂ ತಿಂದು ಬಂದಿದ್ದ ನಾನು, ಒಂದು ಅಕ್ಷರದ ಸುಳ್ಳನ್ನೂ ಸಹಿಸೆನೆಂದು ಎಪ್ಪತ್ತು ದಾಟಿದ ನಾನು, “ಇಲ್ಲಣ್ಣ” ಎಂದೆ.

ನನ್ನ ಷಡ್ಡಕ ಅದನ್ನು ತಿದ್ದಲಿಲ್ಲ.

ಅಣ್ಣ ಮೊರವನ್ನು ಆಚೆಗೆ ನೂಕಿ, ಜಗಲಿಯ ಮೇಲೆ ತುಸು ಸರಿದು ಕುಳಿತ.